ಮಳಖೇಡದ ಸೀಮೆಯಲ್ಲಿ ಮಲ್ಲಿಗೆಯ ಹೆಸರು

ಮಲ್ಲಿಗೆಯೆಂದ ಕೂಡಲೆ ನಮ್ಮ ಪಟ್ಟಣವಾಸಿಗಳಿಗೆ ಮೈಸೂರು ನೆನಪಾಗುತ್ತದೆ; ಇಲ್ಲವೆ ಹಡಗಲಿ, ಇಲ್ಲವೆ ಉಡುಪಿಯ ಸೀಮೆ. ಈ ಮೂರು ಕಡೆಗಳ ಮಲ್ಲಿಗೆಗೂ ಇಂದು ಸರಕಾರದ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ. ಮೈಸೂರಿನದಕ್ಕೆ ಅದಕ್ಕೂ ಬಹಳ ಮೊದಲೇ, 1942ರಲ್ಲಿ, ಕೆ. ಎಸ್. ನರಸಿಂಹಸ್ವಾಮಿಗಳ ಕವನಸಂಗ್ರಹದಿಂದ ಕಾವ್ಯದ ಮುದ್ರೆಯೂ ಬಿದ್ದಿತ್ತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಹೆಸರುಗಳನ್ನು ಕೇಳಿದವರಿಗಾದರೋ ಹೂವಿನ ನೆನಪು ಬರುವುದು ಅಪರೂಪ. ತೊಗರಿಯ ಹೊಲ, ಹಾಸುಗಲ್ಲಿನ ಗಣಿ, ಸಿಮೆಂಟಿನ ಧೂಳು, ರೈಲುಗಳು ಕೂಡುವ ಜಂಕ್ಷನ್ನು, ಇವೇ ಆ ಸೀಮೆಯ ಚಿತ್ರವಾಗಿ ನಮ್ಮ ಮನಸ್ಸಿನಲ್ಲಿ ನಿಂತಿವೆ. ಹೀಗಿದ್ದರೂ ಮಲ್ಲಿಗೆಯ ಹೆಸರಿನ ಚರಿತ್ರೆಯನ್ನು ವಿಚಾರಿಸುವುದಕ್ಕೆ ನಾವು ಈ ಐದು ಊರುಗಳನ್ನೇ ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣ ಎರಡು. ಒಂದೇ ಸಂತೆಯಲ್ಲಿ ಒಂದೇ ಹೂವನ್ನು ಕನ್ನಡದವರು ಮಲ್ಲಿಗೆಯೆಂದೂ, ತೆಲುಗಿನವರು ಮಲ್ಲೆಯೆಂದೂ, ಉರ್ದು ಮರಾಠಿಗಳ ಮನೆಯವರು ಮೊಗ್ರಾ, ಮೊಗರಾ ಎಂದೂ ಕರೆಯುವ ನೆಲ ಇದು. ಮತ್ತು ಈ ಊರುಗಳ ನಡುವೆ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವಿದೆ.

ಮೊದಲು ಗಿಡದ ಸ್ವಭಾವವನ್ನು ತಿಳಿದುಕೊಳ್ಳೋಣ. ಹೆಸರಿನ ಮಾತು ಅದನ್ನು ಅವಲಂಬಿಸಿದೆ. ಮಲ್ಲಿಗೆಯೆಂಬ ಒಂದೇ ಮಾತಿನಲ್ಲಿ ನಾವು ಹಲವು ಜಾತಿಯ ಗಿಡಗಳನ್ನು ಸೇರಿಸುತ್ತೇವೆ. ಮೇಲೆ ಹೇಳಿದ ಮೂರು ಪ್ರಸಿದ್ಧ ಮಲ್ಲಿಗೆಗಳೂ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಜಾತಿಯವಲ್ಲ. ಪ್ರಕೃತ ನಮ್ಮ ವಿಷಯ ವಸಂತದಲ್ಲಿ ಮೊಗ್ಗು ತಳೆಯುವ, ದುಂಡುಮಲ್ಲಿಗೆಯೆಂದು ಹೆಸರಾದ ತೋಟದ ಹೂವು. ಶಾಸ್ತ್ರಜ್ಞರು ಇದನ್ನು ಜಾಸ್ಮಿನಮ್ ಸಂಬಾಕ್ ಎನ್ನುವರು. ನಮ್ಮ ಪಾರಿಜಾತವೂ ಪಶ್ಚಿಮದವರ ಆಲಿವ್ ಮರವೂ ಇದರ ಕುಟುಂಬಕ್ಕೇ ಸೇರಿದುವು. ಚಳಿ ಹಿಡಿಯುವ ನವೆಂಬರು ಡಿಸೆಂಬರುಗಳಲ್ಲಿ ಗಿಡವನ್ನು ಸವರಿ, ಕೆಲವು ದಿನ ನೀರು ತಡೆದು, ಆ ಮೇಲೆ ಗೊಬ್ಬರವನ್ನೂ ನೀರನ್ನೂ ಕೊಟ್ಟರೆ ಮಾರ್ಚಿಯಿಂದ ಮೊಗ್ಗು ಕಾಣಿಸುತ್ತದೆ. ಬಿಸಿಲೇರಿದಂತೆ ಹೂವೂ ಏರುತ್ತದೆ. ಸಂಜೆ ಅರಳಬೇಕಾದ ಮೊಗ್ಗನ್ನು ಬೆಳಗಿನ ಜಾವದಲ್ಲಿಯೇ ಬಿಡಿಸಿಕೊಳ್ಳಬೇಕು. ಅರಳಿದ ರಾತ್ರಿ ಅದರ ಪರಿಮಳದ ರಾತ್ರಿ. ಮರುದಿನಕ್ಕೆ ಅದು ಬಾಡಿದ ಹೂವು.

ಇದಕ್ಕಿಂತಲೂ ಚರಿತ್ರೆಗೆ ಹೆಚ್ಚು ಬೇಕಾದ ಗುಣವೊಂದುಂಟು. ನಮ್ಮ ತೋಟಗಳ ದುಂಡುಮಲ್ಲಿಗೆ ಬೀಜ ಕಟ್ಟುವುದು ಬಹಳ ಅಪೂರ್ವ. ಕಡ್ಡಿಯನ್ನು ನೆಟ್ಟೋ, ಕೊಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು ಬೇರು ಬರಿಸಿಯೋ ಇದನ್ನು ಬೆಳೆಸಬೇಕಲ್ಲದೆ ಬೇರೆ ಮಾರ್ಗವಿಲ್ಲವೆನ್ನಬಹುದು. ಎಕ್ಕದ ಬೀಜವನ್ನು ಗಾಳಿ ಒಯ್ಯುತ್ತದೆ, ಆಲದ ಬೀಜವನ್ನು ಹಕ್ಕಿ ಒಯ್ಯುತ್ತದೆ. ಮಲ್ಲಿಗೆಯನ್ನು ಒಯ್ಯಬೇಕಾದರೆ ಮನುಷ್ಯನ ಕೈಯೇ ಬೇಕು. ಒಂದು ಹಿತ್ತಲಿನಲ್ಲಿ ಮಲ್ಲಿಗೆಯಿದೆಯೆಂದರೆ, ಯಾರೋ ಒಬ್ಬರು ಇನ್ನೊಬ್ಬರ ಹಿತ್ತಲಿನಿಂದ ಕೇಳಿ ತಂದುದೇ ಸರಿ. ಕೇಳುವಾಗ ಹೆಸರು ಹೇಳಿ ಕೇಳಬೇಕಷ್ಟೆ. ಆದುದರಿಂದ ಗಿಡ ಹೋದ ದಾರಿಯಲ್ಲಿ ಹೆಸರೂ ಹೋಗಿದೆ. ಗಿಡದ ದಾರಿ ಅಳಿಸಿಹೋದ ಎಡೆಯಲ್ಲಿ ಹೆಸರಿನ ದಾರಿಯನ್ನು ಹಿಡಿದು ಅದನ್ನು ಹುಡುಕಬಹುದು.

ಹಳೆಯ ಕೋಶಗಳನ್ನು ತೆರೆದು ನೋಡೋಣ. ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಮಲ್ಲಿಕೆಗೆ ತೃಣಶೂನ್ಯ, ಭೂಪದೀ, ಶೀತಭೀರು ಎಂಬ ಪರ್ಯಾಯಗಳನ್ನು ಕೊಡುತ್ತಾನೆ. ಕಾಡಿನಲ್ಲಿ ಹುಟ್ಟಿದ ಮಲ್ಲಿಕೆಗೆ ಆಸ್ಫೋಟಾ ಎಂಬ ಬೇರೆ ಹೆಸರನ್ನೇ ಹೇಳುತ್ತಾನೆ. ಇವುಗಳಲ್ಲಿ ಶೀತಭೀರು ಎಂಬುದು ನಮಗೆ ಬಹಳ ಮೆಚ್ಚಿಕೆಯಾದ ಮಾತು. ಚಳಿಗೆ ಅಂಜುವುದು ಎಂದು ಅದರ ಅರ್ಥ. ಅದೇ ಕೋಶದಲ್ಲಿ ಕುಂದಪುಷ್ಪಕ್ಕೆ ಮಾಘ್ಯವೆಂಬ ಹೆಸರಿದೆ: ಮಾಘಮಾಸದಲ್ಲಿ ಅರಳತಕ್ಕದ್ದು. ಎರಡೂ ಬಿಳಿಯ ಹೂಗಳು, ಎರಡೂ ಒಂದೇ ಕುಲದವು; ಒಂದು ಮಾಘದ ಚಳಿಯಲ್ಲಿಯೇ ಅರಳುತ್ತದೆ, ಇನ್ನೊಂದು ಆ ಚಳಿ ಕಳೆಯುವವರೆಗೆ ತಲೆ ಎತ್ತುವುದಿಲ್ಲ. ಪಂಚಾಂಗವನ್ನು ನೋಡದೆ, ಹೂವಿನ ಹೆಸರಿನಿಂದಲೇ ಋತುವನ್ನು ತಿಳಿಯಬಹುದಾಗಿತ್ತು. ಜಾತಿಯೆಂಬುದು ಇನ್ನೊಂದು, ಅದು ಪ್ರಾಕೃತದ ದಾರಿಯಲ್ಲಿ ಸವೆದು ನಮಗೆ ಜಾಜಿಯಾಗಿ, ಮರಾಠಿಗರಿಗೆ ಜಾಈ ಆಗಿ ಬಂದಿತು. ಅಡಿಗೆಯ ಮನೆಯ ಜಾಜಿಕಾಯಿಯೂ ಅದೇ ಹೆಸರನ್ನು ಹೊತ್ತುಕೊಂಡಿದೆ. ಆದರೆ ಆ ಕಾಯಿಗೂ ಈ ಹೂವಿಗೂ ಗಿಡದ ನಂಟು ಏನೂ ಇಲ್ಲ. ಹೆಸರುಗಳನ್ನು ನಂಬಿ ನಡೆಯುವವರು ಇಂಥ ಕಡೆ ಸ್ವಲ್ಪ ಎಚ್ಚರವಾಗಿರಬೇಕು.

ಶೀತಭೀರು, ಮಾಘ್ಯ ಮೊದಲಾದುವು ಪಂಡಿತರ ಹೆಸರುಗಳು. ತೋಟಗಾರನ ಹೆಸರುಗಳ ಕ್ರಮವೇ ಬೇರೆ, ಮತ್ತು ನಮ್ಮ ಐದು ಊರುಗಳ ಸಂತೆಗಳಲ್ಲಿ ಇಂದಿಗೂ ಕಿವಿಗೆ ಬೀಳುವುದು ಇವೇ. ಕನ್ನಡದವರು ದುಂಡುಮಲ್ಲಿಗೆ ಎನ್ನುವರು. ಗುಂಡು ಎಂದರೂ ದುಂಡು ಎಂದರೂ ಉರುಟಾದುದೆಂದೇ ಅರ್ಥ. ಮೊಗರಾ ಎಂಬುದು ಸಂಸ್ಕೃತದ ಮುದ್ಗರದಿಂದ ಬಂದುದೆಂದು ಕೋಶಕಾರರು ಹೇಳುವರು. ಮುದ್ಗರವೆಂದರೆ ತಲೆ ದಪ್ಪನಾದ ಕೊಡತಿ, ಗದೆ. ಉರ್ದುವಿನಲ್ಲಿ ಇದಕ್ಕೆ ಮೋತಿಯಾ ಎಂಬ ಹೆಸರೂ ಉಂಟು, ಮೋತಿಯೆಂದರೆ ಮುತ್ತು. ಮುತ್ತು, ಗದೆಯ ತಲೆ, ಗುಂಡು: ಈ ಮೂರು ಹೋಲಿಕೆಗಳಲ್ಲಿ ಒಂದಾದರೂ ಅರಳಿದ ಹೂವಿಗೆ ಒಪ್ಪತಕ್ಕದ್ದಲ್ಲ. ಮೂರೂ ಮೊಗ್ಗಿನವು. ಬೇರೆಬೇರೆ ಮಾತಿನ ಜನರು, ಒಬ್ಬರನ್ನೊಬ್ಬರು ಕೇಳಿಕೊಳ್ಳದೆಯೇ, ಈ ಹೂವನ್ನು ಅದರ ಮೊಗ್ಗಿನಿಂದ ಗುರುತಿಸಿದರು. ಏಕೆಂದರೆ ಅವರ ಕೈಗೆ ಬಂದುದು ಮೊಗ್ಗು; ಎಣಿಸಿದುದು, ಅಳೆದುದು, ಕಟ್ಟಿದುದು, ಮಾರಿದುದು ಎಲ್ಲವೂ ಮೊಗ್ಗು. ಅರಳುವುದು ಕೊಂಡವರ ಮುಡಿಯಲ್ಲಿ. ಈ ಹೆಸರುಗಳನ್ನು ಇಟ್ಟವನು ಕವಿಯಲ್ಲ, ಬೆಳಗಿನ ಜಾವದಲ್ಲಿ ಬುಟ್ಟಿ ಹಿಡಿದು ಗಿಡದ ಮುಂದೆ ಬಗ್ಗಿದವನು ಎಂದು ನಾವು ಧೈರ್ಯವಾಗಿ ಹೇಳಬಹುದು. ಅಕ್ಬರನ ಕಾಲದ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಸುಗಂಧಪುಷ್ಪಗಳನ್ನು ವಿವರಿಸುವಾಗ ಚಂಬೇಲಿ, ರಾಯ್‌ಬೇಲ್, ಮೊಗ್ರಾ ಎಂದು ಬೇರೆಬೇರೆಯಾಗಿ ಲೆಕ್ಕ ಕೊಟ್ಟಿದ್ದಾನೆ; ಅರಮನೆಯ ಅತ್ತರಿನವರಿಗೂ ಈ ಭೇದಗಳು ಬೇಕಾಗಿದ್ದುವು.

ಇನ್ನು ಮಲ್ಲಿಗೆಯೆಂಬ ಮಾತಿನ ಮೂಲ. ಇಲ್ಲಿ ನಮ್ಮ ಪಂಡಿತರಲ್ಲಿ ಎರಡು ಪಕ್ಷ. ಘಟಿಕಾ ಎಂಬುದು ಗಳಿಗೆಯಾದಂತೆ, ಪೇಟಿಕಾ ಎಂಬುದು ಪೆಟ್ಟಿಗೆಯಾದಂತೆ, ಮಲ್ಲಿಕಾ ಎಂಬುದು ಮಲ್ಲಿಗೆಯಾಯಿತೆಂದು ವ್ಯಾಕರಣವನ್ನು ಓದಿದವರು ಹೇಳುವರು. ಲಕ್ಷಣದ ಮಟ್ಟಿಗೆ ಇದರಲ್ಲಿ ದೋಷವಿಲ್ಲ. ಇನ್ನೊಂದು ಪಕ್ಷದವರು ಕೇಳುವುದು ಹೀಗೆ: ಸಂಸ್ಕೃತಕ್ಕೆ ಮಲ್ಲಿಕಾ ಎಲ್ಲಿಂದ ಬಂದಿತು? ವೇದಗಳು ಹುಟ್ಟಿದ ವಾಯವ್ಯದ ಶೀತಪ್ರದೇಶ ಶೀತಭೀರುವಿನ ತವರಾಗಿರಲಾರದು. ತಮಿಳಿನಲ್ಲಿ ಮುಲ್ಲೈ, ಮಲೆಯಾಳದಲ್ಲಿ ಮುಲ್ಲ, ತೆಲುಗಿನಲ್ಲಿ ಮೊಲ್ಲ, ಕನ್ನಡದಲ್ಲಿ ಮೊಲ್ಲೆ ಎಂದು ದಕ್ಷಿಣದ ನುಡಿಗಳಲ್ಲೆಲ್ಲ ಈ ಕುಲದ ಹೂವಿಗೆ ದೇಶ್ಯವಾದ ಹೆಸರಿದೆ. ಸಂಘಕಾಲದ ತಮಿಳರು ಕಾಡು ಹುಲ್ಲುಗಾವಲುಗಳ ನೆಲಕ್ಕೇ ಮುಲ್ಲೈ ಎಂದು ಹೆಸರಿಟ್ಟರು. ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋದ ಪದಗಳ ದೊಡ್ಡ ಪಟ್ಟಿಯೊಂದನ್ನು ಕಿಟ್ಟೆಲರು 1894ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಮಾಡಿ ತೋರಿಸಿದ ಮೇಲೆ, ಹೂಗಿಡಗಳ ಹೆಸರುಗಳನ್ನು ಈ ದೃಷ್ಟಿಯಿಂದ ನೋಡುವ ಅಭ್ಯಾಸ ಬೆಳೆದಿದೆ. ನಮಗೆ ಈ ಪಕ್ಷದ ಕಡೆಗೆ ಒಲವಿದೆ. ಆದರೂ ಒಂದು ಮಾತು. ನಮ್ಮ ಹಳೆಯ ಕವಿಗಳ ಉದ್ಯಾನವರ್ಣನೆಗಳಲ್ಲಿ ಮಲ್ಲಿಗೆ, ಮೊಲ್ಲೆ, ಇರುವಂತಿಗೆ, ಜಾಜಿ ಇವು ಅಕ್ಕಪಕ್ಕದಲ್ಲಿ ಬೇರೆಬೇರೆ ಹೂಗಳಾಗಿಯೇ ಬರುತ್ತವೆ. ಮೊಲ್ಲೆಯೇ ಮಲ್ಲಿಗೆಯೆಂದು ಅವರು ಎಂದೂ ತಿಳಿದಿರಲಿಲ್ಲ. ಎರಡು ಮಾತುಗಳನ್ನು ಒಂದೇ ಬೇರಿಗೆ ಕಟ್ಟುವವರು ಎರಡು ಗಿಡಗಳನ್ನು ಒಂದೇ ಪಾತಿಗೆ ಹಾಕದಂತೆ ನೋಡಿಕೊಳ್ಳಬೇಕು.

ಧ್ವನಿಯ ಹೋಲಿಕೆಯೊಂದನ್ನೇ ಹಿಡಿದು ಹೊರಟರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯಲ್ಲಿಯೇ ಉದಾಹರಣೆಗಳಿವೆ. ಚಿಂಚೋಳಿಯ ಬಳಿ ಹರಿಯುವ ಹೊಳೆಯ ಹೆಸರು ಮುಲ್ಲಾಮಾರಿ. ಮುಲ್ಲೈಯನ್ನು ಅಲ್ಲಿಗೆ ಎಳೆದುಕೊಂಡು ಹೋಗಲು ಎಷ್ಟು ಹೊತ್ತು ಬೇಕು? ಮಳಖೇಡಕ್ಕೂ ಮಲ್ಲಿಗೆಗೂ ನಂಟು ಕಲ್ಪಿಸುವವರು ಹುಟ್ಟಬಹುದು. ಆದರೆ ಅದು ಮಾನ್ಯಖೇಟವೆಂಬುದಕ್ಕೆ ಶಾಸನಗಳ ಸಾಕ್ಷಿಯಿದೆ. ವಾಡಿಯ ಮಾತು ಬೇರೆ. ಅಲ್ಲಿ ಹೋಲಿಕೆಗೆ ಆಧಾರವುಂಟು: ಮರಾಠಿಯ ವಾಡೀ ಎಂಬುದಕ್ಕೆ ಸಣ್ಣ ಹಳ್ಳಿಯೆಂದೂ ಬೇಲಿ ಹಾಕಿದ ತೋಟವೆಂದೂ ಎರಡು ಅರ್ಥ, ಪುಷ್ಪವಾಟಿಕೆ ಎಂಬಲ್ಲಿನ ವಾಟಿಕೆಗೆ ಅದು ಬಳಗ. ಉಗಿಬಂಡಿಯ ಹೊಗೆಯನ್ನೂ ಸಿಮೆಂಟಿನ ಧೂಳನ್ನೂ ಉಂಡ ಊರಿಗೆ ತೋಟದ ಹೆಸರಿರುವುದು ಒಂದು ವಿನೋದ.

ಈಗ ಮಳಖೇಡಕ್ಕೆ ಬರೋಣ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಿಂದ ಇದು ರಾಷ್ಟ್ರಕೂಟರ ರಾಜಧಾನಿ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಹೇಳಿದ ಕವಿರಾಜಮಾರ್ಗ ಹುಟ್ಟಿದುದು ಈ ಆಸ್ಥಾನದ ಆಶ್ರಯದಲ್ಲಿ. ಅರಬ್ಬೀ ಪ್ರವಾಸಿಗಳು ಇಲ್ಲಿನ ಅರಸರನ್ನು ಬಲ್ಹರಾ ಎಂದೂ ಪಟ್ಟಣವನ್ನು ಮಾನ್‌ಕೀರ್ ಎಂದೂ ಬರೆದರು. ಪ್ರಾಕೃತದಲ್ಲಿ ಅದು ಮನ್ನಖೇಡ. ಹೂವಿನ ಹೆಸರಿನಂತೆಯೇ ಊರಿನ ಹೆಸರೂ ಬಾಯಿಂದ ಬಾಯಿಗೆ ರೂಪ ಬದಲಿಸಿದೆ. ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು, 941ರ ಸುಮಾರಿನಲ್ಲಿ, ದೂರದ ಬನವಾಸಿಯನ್ನು ಯಾವ ಯಾವುದರಿಂದ ನೆನೆಯುವೆನೆಂದು ಹೇಳುವಾಗ ಬಿರಿದ ಮಲ್ಲಿಗೆಯನ್ನು ಸೇರಿಸಿದ್ದಾನೆ. ಆ ಪದ್ಯವನ್ನು ನಮ್ಮ ಶ್ರೋತೃಗಳೆಲ್ಲರೂ ಬಲ್ಲರು. ಆದರೆ ಅದೇ ಶತಮಾನದಲ್ಲಿ ಮಾನ್ಯಖೇಟದೊಳಗೇ ಕುಳಿತು ಬರೆದ ಇನ್ನೊಬ್ಬ ಕವಿಯನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. ಅವನ ಹೆಸರೇ ಹೂವಿನದು: ಪುಷ್ಪದಂತ. ಕುಂದದ ಮೊಗ್ಗನ್ನು ಹಲ್ಲಿಗೆ ಹೋಲಿಸುವುದು ಕವಿಸಮಯ. ಆ ಹೋಲಿಕೆಯೇ ಇವನಿಗೆ ನಾಮಧೇಯವಾಗಿತ್ತು.

ಪುಷ್ಪದಂತನು ಬರೆದುದು ಅಪಭ್ರಂಶದಲ್ಲಿ. ಶೈವರಾಗಿದ್ದು ಜೈನರಾದ ಬ್ರಾಹ್ಮಣ ದಂಪತಿಗಳ ಮಗ; ಬಡವ; ಅಭಿಮಾನಮೇರು ಎಂಬುದು ಅವನು ತನಗೆ ತಾನೇ ಒಪ್ಪಿಕೊಂಡ ಬಿರುದು. ದೂರದಿಂದ ನಡೆದು ದಣಿದು ಬಂದ ಅವನು ಮಾನ್ಯಖೇಟದ ಹೊರಗಣ ಒಂದು ಉದ್ಯಾನದಲ್ಲಿ ವಿಶ್ರಮಿಸಿಕೊಂಡಿದ್ದನೆಂದೂ, ಇಬ್ಬರು ಬಂದು ಪಟ್ಟಣದೊಳಕ್ಕೆ ಏಕೆ ಬಾರದೆ ಇಲ್ಲಿರುವೆಯೆಂದು ಕೇಳಿದರೆಂದೂ, ದುರ್ಜನರ ಹುಬ್ಬುಗಂಟನ್ನು ನೋಡುವುದಕ್ಕಿಂತ ಗುಡ್ಡದ ಗವಿಯಲ್ಲಿ ಹುಲ್ಲು ತಿಂದು ಬದುಕುವುದು ಲೇಸೆಂಬ ಭಾವದ ಉತ್ತರವನ್ನು ತಾನು ಕೊಟ್ಟೆನೆಂದೂ ಅವನೇ ಮಹಾಪುರಾಣದ ಮೊದಲಿನಲ್ಲಿ ಹೇಳಿಕೊಂಡಿದ್ದಾನೆ. ಕೊನೆಗೆ ಮೂರನೆಯ ಕೃಷ್ಣನ ಮಂತ್ರಿಯಾದ ಭರತನು ಅವನನ್ನು ಮನೆಗೆ ಕರೆದುಕೊಂಡು ಹೋದನು. 959ರಲ್ಲಿ ತೊಡಗಿದ ಮಹಾಪುರಾಣ 965ರಲ್ಲಿ ಮುಗಿಯಿತು. ಭರತನ ತರುವಾಯ ಅವನ ಮಗ ನನ್ನನೂ ಕವಿಯನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಂಡಿದ್ದನು. ಈ ಗ್ರಂಥವನ್ನು ಪಿ. ಎಲ್. ವೈದ್ಯರು 1937ರಿಂದ 1941ರವರೆಗೆ ಮೂರು ಸಂಪುಟಗಳಲ್ಲಿ ಶೋಧಿಸಿ ಅಚ್ಚು ಹಾಕಿಸಿದರು.

972ರಲ್ಲಿ ಮಾಳವದ ಪರಮಾರ ಸೀಯಕನು ದಂಡೆತ್ತಿ ಬಂದು, ಖೊಟ್ಟಿಗನು ರಾಷ್ಟ್ರಕೂಟರ ಸಿಂಹಾಸನದಲ್ಲಿದ್ದಾಗ, ಮಾನ್ಯಖೇಟವನ್ನು ಸೂರೆ ಮಾಡಿದನು. ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ, ಗ್ರಂಥ ಮುಗಿದ ಎಷ್ಟೋ ವರ್ಷಗಳ ಮೇಲೆ ಸೇರಿಸಿದ್ದೆಂದು ತೋರುವ ಒಂದು ಸಂಸ್ಕೃತ ಶ್ಲೋಕವಿದೆ. ದೀನರಿಗೂ ಅನಾಥರಿಗೂ ಧನವಾಗಿದ್ದ, ಸದಾ ಜನ ತುಂಬಿದ್ದ, ಹೂಬಳ್ಳಿಗಳ ವನಗಳು ಅರಳಿ ನಿಂತಿದ್ದ ಮಾನ್ಯಖೇಟಪುರ ಧಾರೆಯ ಅರಸನ ಕೋಪಾಗ್ನಿಯಲ್ಲಿ ಸುಟ್ಟುಹೋಯಿತು. ಇನ್ನು ಪುಷ್ಪದಂತಕವಿ ಎಲ್ಲಿ ವಾಸ ಮಾಡುವನು? ಎಂಬುದು ಅದರ ತಾತ್ಪರ್ಯ. ಅರಮನೆಯನ್ನಾಗಲಿ ಕೋಟೆಯನ್ನಾಗಲಿ ಕವಿ ಇಲ್ಲಿ ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಸುಟ್ಟುಹೋದುವುಗಳಲ್ಲಿ ಅವನಿಗೆ ನೆನಪಾದುದು ಜನ, ಮತ್ತು ಅರಳಿದ ಬಳ್ಳಿ. ಪಟ್ಟಣದ ಹೊರಗಣ ತೋಟವೇ ಅವನಿಗೆ ಮೊದಲು ನೆರಳು ಕೊಟ್ಟುದಲ್ಲವೆ?

ಈ ಸೂರೆಯ ವರ್ಷ ನಮಗೆ ಇಷ್ಟು ಖಚಿತವಾಗಿ ತಿಳಿದಿರುವುದಕ್ಕೆ ಕಾರಣವಾದರೂ ಯಾವುದು? ಅದು ಒಂದು ಹೆಸರುಗಳ ಪುಸ್ತಕ. ಗೆದ್ದವರ ರಾಜಧಾನಿಯಾದ ಧಾರೆಯಲ್ಲಿ ಧನಪಾಲನೆಂಬ ಪಂಡಿತನು ತನ್ನ ತಂಗಿ ಸುಂದರಿಗಾಗಿ ಪಾಇಯಲಚ್ಛೀನಾಮಮಾಲಾ ಎಂಬ ಪ್ರಾಕೃತ ಕೋಶವನ್ನು ಬರೆದು, ವಿಕ್ರಮ ಸಂವತ್ಸರ 1029ರಲ್ಲಿ, ಮಾಳವದವರ ದಾಳಿಯಿಂದ ಮನ್ನಖೇಡವು ಸೂರೆಯಾದಾಗ, ಇದನ್ನು ಮುಗಿಸಿದೆನೆಂದು ಕೊನೆಯಲ್ಲಿ ದಾಖಲೆ ಮಾಡಿದನು. ಜರ್ಮನ್ ಪಂಡಿತ ಬ್ಯೂಲರರು 1879ರಲ್ಲಿ ಇದನ್ನು ಪ್ರಕಟಿಸಿದರು. ನಾಮಮಾಲೆಯೆಂದರೆ ಹೆಸರುಗಳ ಮಾಲೆ. ಮಾನ್ಯಖೇಟದ ಬಳ್ಳಿಗಳು ಉರಿದ ವರ್ಷದಲ್ಲಿ ಶತ್ರುಪಟ್ಟಣದ ಒಬ್ಬ ಅಣ್ಣ ತನ್ನ ತಂಗಿಯ ಓದಿಗೆಂದು ಹೆಸರುಗಳ ಮಾಲೆಯನ್ನು ಕಟ್ಟುತ್ತಿದ್ದನು. ಅದರ ತುದಿಯ ಗಂಟಿನಲ್ಲಿ ನಮ್ಮ ರಾಜಧಾನಿಯ ವಿನಾಶದ ತಾರೀಖು ಉಳಿದುಬಂದಿತು. ಅವನಿಗೆ ಅದು ಕೇವಲ ಕಾಲವನ್ನು ಸೂಚಿಸುವ ಒಂದು ಗುರುತು. ಪುಷ್ಪದಂತನ ಶ್ಲೋಕವನ್ನೂ ಇದನ್ನೂ ಒಟ್ಟಿಗೆ ಇಟ್ಟು ಓದದಿದ್ದರೆ ಆ ವರ್ಷದ ಚರಿತ್ರೆ ಪೂರ್ತಿಯಾಗುವುದಿಲ್ಲ.

ಮರುವರ್ಷವೇ ರಾಷ್ಟ್ರಕೂಟರ ಆಳಿಕೆ ಮುಗಿದು ಚಾಳುಕ್ಯರ ತೈಲಪನು ಎದ್ದನು. ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಆದರೆ ಈ ಸೀಮೆ ಬಂಜೆಯಾಗಲಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವೊಂದು ಘಟಿಕಾಸ್ಥಾನವನ್ನು ಹೇಳುತ್ತದೆ: ವೇದ ಓದುವ 200 ಮಂದಿ, ಶಾಸ್ತ್ರ ಓದುವ 50 ಮಂದಿ ವಿದ್ಯಾರ್ಥಿಗಳು, ಉಪಾಧ್ಯಾಯರು, ಮತ್ತು ಪುಸ್ತಕಗಳನ್ನು ಕಾಯುವುದಕ್ಕೆ 6 ಮಂದಿ ಸರಸ್ವತೀಭಂಡಾರಿಗರು. ಹೈದರಾಬಾದು ಸಂಸ್ಥಾನದ ಪ್ರಾಚ್ಯಸಂಶೋಧನ ಇಲಾಖೆಯವರು ನಾಗಾವಿಯ ಶಾಸನಗಳನ್ನು 1928ರಲ್ಲಿ ಬೇರೆ ಪುಸ್ತಕವಾಗಿಯೇ ಹೊರಡಿಸಿದರು. ಸೇಡಂ ಆಗ ಸೇಡಿಂಬ. ಅಲ್ಲಿನ ಮುನ್ನೂರು ಮಹಾಜನರು, ಬ್ರಾಹ್ಮಣರಾಗಿದ್ದೂ, ಶಾಂತಿನಾಥನ ಬಸದಿಯನ್ನು ಕಟ್ಟಿಸಿದರೆಂದು 1124ರ ಶಾಸನ ಹೇಳುತ್ತದೆ. ಕಲ್ಯಾಣದ ಚಾಳುಕ್ಯರ ಕಾಲದ ದಾನಶಾಸನಗಳನ್ನು ಓದುವವರಿಗೆ ಪೂದೋಂಟವೆಂಬ ಮಾತು ಪದೇ ಪದೇ ಎದುರಾಗುತ್ತದೆ. ಗುಡಿಗೆ ಇಷ್ಟು ಮತ್ತರು ಕರಿಯ ಹೊಲ, ಎಣ್ಣೆಗೆ ಗಾಣ, ಹೂವಿಗೆ ಇಷ್ಟು ಪೂದೋಂಟ. ಹೂವನ್ನು ಕಟ್ಟುವ ಮಾಲೆಗಾರನಿಗೂ ಪಾಲು ಉಂಟು. ಆದರೆ ಆ ತೋಟದಲ್ಲಿ ಯಾವ ಹೂವನ್ನು ಬೆಳೆಯತಕ್ಕದ್ದೆಂದು ಹೇಳುವ ಗೋಜಿಗೆ ಶಾಸನ ಸಾಮಾನ್ಯವಾಗಿ ಹೋಗುವುದಿಲ್ಲ. ಎಲ್ಲರಿಗೂ ತಿಳಿದುದನ್ನು ಕಲ್ಲಿನ ಮೇಲೆ ಕೊರೆಯಿಸುವ ಅಗತ್ಯವಿರಲಿಲ್ಲ; ನಮಗೆ ಬೇಕಾದುದು ಅದೇ! ಮಾಲೆಗಾರನ ವೃತ್ತಿಯನ್ನು ಹಿಡಿದ ಹೂಗಾರ ಎಂಬುದು ಮಾತ್ರ ಈ ಭಾಗದಲ್ಲಿ ಮನೆತನದ ಹೆಸರಾಗಿ ನಿಂತಿದೆ.

ಮನೆತನದ ಹೆಸರಿನಿಂದ ಜನರ ಹೆಸರಿಗೆ ಬಂದರೆ, ಕಲಬುರಗಿಯ ಸೀಮೆಯಲ್ಲಿ ಮಲ್ಲಪ್ಪ, ಮಲ್ಲಮ್ಮ, ಮಲ್ಲಣ್ಣ, ಮಲ್ಲಿಕಾರ್ಜುನ ಎಂಬುವರಿಲ್ಲದ ಊರು ಸಿಕ್ಕುವುದು ಕಷ್ಟ. ಇವರೆಲ್ಲರೂ ಹೂವಿನ ಹೆಸರಿನವರೆ? ಶ್ರೀಶೈಲದ ಸ್ಥಳಕಥೆಯಂತೆ ಚಂದ್ರವತಿಯೆಂಬ ರಾಜಪುತ್ರಿ ಮಲ್ಲಿಗೆಯ ಮಾಲೆಯಿಂದ ಲಿಂಗವನ್ನು ಪೂಜಿಸಿದುದರಿಂದ ದೇವರು ಮಲ್ಲಿಕಾರ್ಜುನನಾದನು. ಅರ್ಜುನವೆಂದರೆ ಬಿಳುಪು, ಮಲ್ಲಿಗೆಯಂತೆ ಬೆಳ್ಳಗಿರುವವನೆಂದು ಅರ್ಥ ಮಾಡುವವರೂ ಉಂಟು. ಅಕ್ಕಮಹಾದೇವಿಯ ವಚನಗಳ ಅಂಕಿತದಲ್ಲಿ ಆ ಹೆಸರು ಪಡೆದ ಸೌರಭ ಬೇರೆ ಯಾವ ಕೋಶದಲ್ಲಿಯೂ ಸಿಕ್ಕದು. ಜೈನರ ಹತ್ತೊಂಬತ್ತನೆಯ ತೀರ್ಥಂಕರನ ಹೆಸರು ಮಲ್ಲಿ. ತಾಯಿಗೆ ಬಸಿರಿನಲ್ಲಿ ಹೂಮಾಲೆಗಳ ಹಾಸಿಗೆಯ ಬಯಕೆಯಾಯಿತೆಂದು ಶ್ವೇತಾಂಬರರ ಕಥೆ. ಆದರೆ ಮಲ್ಲನೆಂದರೆ ಜಟ್ಟಿಯೂ ಹೌದು. ಮಲೆಯ ದೇವರು ಮಲ್ಲಯ್ಯನಾದನೆಂಬ ಊಹೆಗೂ ಎಡೆಯಿದೆ. ಮಲ್ಲಣ್ಣನನ್ನು ಕುರುಬರು ಗೊಲ್ಲರು ಹಾಡಿ ಕುಣಿದು ಪೂಜಿಸುವಾಗ ಅವನ ಕೈಯಲ್ಲಿರುವುದು ಕತ್ತಿ, ಹೂವಲ್ಲ. ಆದುದರಿಂದ ಈ ಹೆಸರುಗಳೆಲ್ಲವನ್ನೂ ಮಲ್ಲಿಗೆಯ ಲೆಕ್ಕಕ್ಕೆ ಬರೆದುಕೊಳ್ಳುವುದು ಸಾಧುವಲ್ಲವೆಂದು ನಮ್ಮ ಮತ. ಸಂಶಯವಿಲ್ಲದೆ ಹೂವಿನದೇ ಆದ ಹೆಸರು ಬೇಕೆನ್ನುವವರಿಗೆ ನೆರೆಯ ತೆಲುಗಿನಲ್ಲಿ ಒಬ್ಬ ಮಹಾಕವಯಿತ್ರಿ ಇದ್ದಾಳೆ: ರಾಮಾಯಣವನ್ನು ಬರೆದ ಆತುಕೂರಿ ಮೊಲ್ಲ. ಅವಳ ರಾಮಾಯಣ ಹದಿನಾರನೆಯ ಶತಮಾನದ್ದು. ಅವಳ ಹೆಸರು ನಮ್ಮ ಮೊಲ್ಲೆ.

ಕಡ್ಡಿಯ ಮೂಲಕ ಮಾತ್ರ ಸಾಗುವ ಈ ಗಿಡ ನಮ್ಮ ನಾಡನ್ನು ದಾಟಿ ಎಷ್ಟು ದೂರ ಹೋಯಿತೆಂಬುದನ್ನು ಹೆಸರುಗಳೇ ಹೇಳುತ್ತವೆ. ಚೀನರು ಇದನ್ನು ಮೋಲಿ ಎನ್ನುವರು, ಅದು ಮಲ್ಲಿಯೇ. ಕ್ರಿ.ಶ. 304ರದೆಂದು ಪರಂಪರೆ ಹೇಳುವ, ಆದರೆ ಈಗ ದೊರೆತಿರುವ ಪಾಠದ ಕಾಲವನ್ನು ವಿದ್ವಾಂಸರು ಸಂಶಯಿಸುವ, ದಕ್ಷಿಣಚೀನದ ಗಿಡಗಳ ಗ್ರಂಥವೊಂದರಲ್ಲಿ ಮೋಲಿಯನ್ನೂ, ಪಾರಸಿಯ ಯಾಸಮೀನ್ ಎಂಬುದರ ಚೀನೀ ರೂಪವಾದ ಯೆಶಿಮಿಂಗ್ ಎಂಬುದನ್ನೂ ಪರದೇಶದಿಂದ ಬಂದ ಹೂಗಳೆಂದು ಹೇಳಿದೆ. ಇಂದು ಚೀನದ ಮಲ್ಲಿಗೆಯ ಚಹವನ್ನು ಕುಡಿಯುವವರು ಅರಿಯದೆಯೇ ಅರೆಗನ್ನಡದ ಮಾತನ್ನು ನುಡಿಯುತ್ತಾರೆ. ಸಯಾಮಿನವರಿಗೆ ಇದು ಮಲಿ. ಜಾವಾದವರು ಮೆಲಾತಿಯೆನ್ನುವುದು ಸಂಸ್ಕೃತದ ಮಾಲತಿಯನ್ನು. ಅಂದರೆ ಅಲ್ಲಿಗೆ ಹೋಗುವಷ್ಟರಲ್ಲಿ ಒಂದು ಹೂವಿನ ಹೆಸರು ಇನ್ನೊಂದರ ಮೇಲೆ ಕುಳಿತಿದೆ. ಪಶ್ಚಿಮದ ಕಡೆಗೆ ಹೋದಾಗಲೂ ಹಾಗೆಯೇ ಆಯಿತು. ಅರಬ್ಬರು ಮಲ್ಲಿಗೆಯ ಎಣ್ಣೆಯನ್ನು ಜಂಬಕ್ ಎಂದರು. ಪಾರಸಿಯಲ್ಲಿ ಅದೇ ಮಾತು ಲಿಲಿ, ಐರಿಸ್ ಹೂಗಳಿಗೆ ಸಲ್ಲುತ್ತದೆ. ಲಿನೇಯಸನು 1753ರಲ್ಲಿ ಆ ಜಂಬಕ್ಕನ್ನು ಸಂಬಾಕ್ ಎಂದು ಹಿಡಿದು, ಗಿಡವನ್ನು ನಮ್ಮ ಪಾರಿಜಾತದ ಕುಲಕ್ಕೆ ಸೇರಿಸಿದನು. 1789ರಲ್ಲಿ ಏಟನ್ ಎಂಬವನು ಅದನ್ನು ಜಾಸ್ಮಿನಮ್ ಕುಲಕ್ಕೆ ಒಯ್ದನು. ಅರಬ್ಬರ ಕೈಯಿಂದ ಕೊಂಡವರು ಅದಕ್ಕೆ ಅರಬ್ಬೀ ಮಲ್ಲಿಗೆಯೆಂದು ಹೆಸರಿಟ್ಟರು. ಅಂಗಡಿಯವನ ಹೆಸರನ್ನು ಹೊಲದವನ ಹೆಸರೆಂದು ತಿಳಿಯುವುದು ವ್ಯಾಪಾರದಲ್ಲಿ ಹೊಸದಲ್ಲ. ಫಿಲಿಪೈನ್ಸಿನವರು 1934ರಲ್ಲಿ ಇದನ್ನೇ ತಮ್ಮ ರಾಷ್ಟ್ರಪುಷ್ಪವಾಗಿ ಆರಿಸಿಕೊಂಡರು. ಅಲ್ಲಿ ಇದರ ಹೆಸರು ಸಂಪಗೀತ. ನಮ್ಮ ಸಂಪಿಗೆಯ ನೆನಪು ತರುವಂತಿದೆಯಲ್ಲವೆ? ಆದರೆ ಧ್ವನಿಸಾಮ್ಯದ ಬಗ್ಗೆ ಹೇಳಬೇಕಾದುದನ್ನು ಆಗಲೇ ಹೇಳಿದ್ದೇವೆ.

ನಮ್ಮ ಐದು ಊರುಗಳಿಗೆ ಮರಳಿದರೆ, ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ 1874ರಲ್ಲಿ ತೆರೆಯಿತು. ಮುಂಬಯಿಯ ಮರಾಠಿಯೂ ಹೈದರಾಬಾದಿನ ಉರ್ದುವೂ ತೆಲುಗೂ ಒಂದೇ ನಿಲ್ದಾಣದಲ್ಲಿ ಇಳಿಯತೊಡಗಿದುವು. ರೈಲಿನವರ ಹಲಗೆಯಲ್ಲಿ ಸೇಡಂ ಸೇರಂ ಆಯಿತು. ಮಳಖೇಡದ ನಿಲ್ದಾಣ ಮಳಖೇಡ ರೋಡ್ ಆಯಿತು. 1948ರವರೆಗೆ ಈ ಸೀಮೆ ನಿಜಾಮರ ಆಳಿಕೆಯಲ್ಲಿತ್ತು; 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ಅದೇ ಜಿಲ್ಲೆಯ ತಾಂಡೂರು, ಕೊಡಂಗಲ್ಲುಗಳು ಆಂಧ್ರಕ್ಕೆ ಹೋದುವು. ಗಡಿಯ ಈಚೆಗೆ ಮಲ್ಲಿಗೆ, ಆಚೆಗೆ ಮಲ್ಲೆ ಎಂದು ಸರಕಾರದವರು ಹಂಚಿಕೊಟ್ಟರೂ, ಕಡ್ಡಿ ಕೇಳುವವರು ಗಡಿಯನ್ನು ನೋಡಿ ಕೇಳಲಿಲ್ಲ.

ಹಾನಿಯಾಗಿರುವುದು ಬೇರೆ ಕಡೆ. ಅಗರಬತ್ತಿಯ ಪೊಟ್ಟಣದ ಮೇಲೆ, ಅತ್ತರಿನ ಸೀಸೆಯ ಮೇಲೆ, ಸಾಬೂನಿನ ಮೇಲೆ ಇಂದು ಅಚ್ಚಾಗುವ ಹೆಸರುಗಳು ಎರಡು: ಮೊಗ್ರಾ, ಜಾಸ್ಮಿನ್. ಮೊಗ್ರಾದ ಮೇಲೆ ನಮಗೆ ದ್ವೇಷವಿಲ್ಲ. ಅದು ಮೊಗ್ಗನ್ನು ಬಿಡಿಸಿದವನು ಇಟ್ಟ ಹೆಸರು, ದುಂಡುಮಲ್ಲಿಗೆಗೆ ಒಡಹುಟ್ಟು. ಆದರೆ ಇರುವಂತಿಗೆಯನ್ನು ಇಂದು ತೋರಿಸಬಲ್ಲವರು ಎಷ್ಟು ಮಂದಿ? ಮೊಲ್ಲೆಯನ್ನು ಜಾಜಿಯಿಂದ ಬೇರ್ಪಡಿಸಿ ಹೇಳಬಲ್ಲ ಹುಡುಗರು ನಮ್ಮ ಪಟ್ಟಣದ ಶಾಲೆಗಳಲ್ಲಿ ಎಷ್ಟಿದ್ದಾರೆ? ಹಳೆಯ ಕಾವ್ಯಗಳ ಟೀಕೆಗಳಲ್ಲಿ ಇವೆಲ್ಲಕ್ಕೂ ಒಂದು ಬಗೆಯ ಮಲ್ಲಿಗೆಯೆಂದು ಅರ್ಥ ಬರೆದು ಕೈತೊಳೆದುಕೊಳ್ಳುವ ಪದ್ಧತಿ ಬಹಳ ದಿನಗಳಿಂದ ನಡೆದುಬಂದಿದೆ. ಒಂದು ಬಗೆಯ ಮಲ್ಲಿಗೆ! ಯಾವ ಬಗೆಯೆಂಬುದನ್ನು ಕೋಶಕಾರರು ಹೂಗಾರರ ಮನೆಗೆ ಹೋಗಿ ಕೇಳಬಹುದಾಗಿತ್ತು. ಈಗಲೂ ಕೇಳಬಹುದು. ಸೇಡಂನಲ್ಲಿಯೋ ಚಿಂಚೋಳಿಯಲ್ಲಿಯೋ ಮುಂದಿನ ಚಳಿಗಾಲದಲ್ಲಿ, ಗಿಡ ಸವರುವ ದಿನಗಳಲ್ಲಿ ಹೋದರೆ, ಹೆಸರನ್ನು ಹೇಳಿದವರು ಜೊತೆಗೆ ಎರಡು ಕಡ್ಡಿಯನ್ನೂ ಕೊಡುವರು.